ಅಪ್ಪನ ಕಥೆಗಳು, ಒಂದು ಫಾಂಟು

ಅಪ್ಪನ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ರಿಟೈರ್ ಆದ ಮೇಲೆ ಒಂಬತ್ತು ವರ್ಷ ಕೂತು ‘ನುಡಿ’ಯಲ್ಲಿ ಟೈಪ್ ಮಾಡಿದ ಕಥೆಗಳೆಲ್ಲ ಅದರಲ್ಲೇ ಇದ್ದವು. “ಬ್ಯಾಕಪ್ ಇದೆಯಲ್ಲ, ಹೊಸದಕ್ಕೆ ಹಾಕಿಬಿಡೋ” ಅಂದ್ರು, ಏನೂ ಆಗದವರ ಹಾಗೆ.

ಬ್ಯಾಕಪ್ ಇತ್ತು, ನಿಜ. ಆದರೆ ಮೂಲವೇ ಹೋದ ಮೇಲೆ ಉಳಿದಿದ್ದು ಅದೊಂದೇ ಪ್ರತಿ. ಹಾಗಾಗಿ ಮೊದಲು ಅದನ್ನೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಮೂಲದ್ದನ್ನು ಬೀರುವಿಗೆ ಸೇರಿಸಿದೆ. ಆಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ಬೇರೆ ಫೋಲ್ಡರ್ ಮಾಡಿ, ಪರೀಕ್ಷೆಗೆ ಅಂತ ನಾಲ್ಕೇ ಫೈಲು ಹಾಕಿ ತೆರೆದೆ. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಅಪ್ಪನ ಮುಖ ಬಿಳಿಚಿಕೊಂಡಿತು.

ಫೈಲೇನೂ ಕೆಟ್ಟಿರಲಿಲ್ಲ. ಯೂನಿಕೋಡ್ ಅಲ್ಲದ ಹಳೇ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ. ಅವನ್ನು ಕನ್ನಡವಾಗಿ ತೋರಿಸೋದು ಫಾಂಟು. ಅದೇ ನುಡಿ ಫಾಂಟ್ ಹಾಕಿದೆ, ಕಥೆ ಎದ್ದು ಕೂತಿತು! ಡಾಕ್ಯುಮೆಂಟ್ ಬ್ಯಾಕಪ್ ಮಾಡುವಾಗ ಫಾಂಟಿನ ನೆನಪು ಯಾರಿಗಿರುತ್ತೆ ಹೇಳಿ? ನಿಮ್ಮನೇಲೂ ಇಂಥ ಹಳೇ ಫೈಲಿದ್ರೆ ಫಾಂಟನ್ನೂ ಜೊತೆಗಿಡಿ. ಯೂನಿಕೋಡಿಗೆ ಬದಲಾಯಿಸಿದ್ರೂ ಹಳೇದನ್ನ ಅಳಿಸಬೇಡಿ, ಪರಿವರ್ತಕಗಳು ಒತ್ತಕ್ಷರದಲ್ಲಿ ಎಡವುವುದುಂಟು.

ಉಳಿದ ಫೈಲು ಇನ್ನೂ ಹಾಕಿಲ್ಲ. ಎಲ್ಲ ಬಂತಾ ಅಂತ ತಾಳೆ ನೋಡೋಕೆ ಅಪ್ಪ ನೋಟ್‌ಬುಕ್ಕಿನಲ್ಲಿ ಕಥೆಗಳ ಪಟ್ಟಿ ಬರೀತಿದ್ದಾರೆ. “ನಿಮ್ಮಜ್ಜಿ ಕಥೆ ಎರಡು ಸಲ ಬರೆದಿದ್ದೆ ಕಣೋ, ಎರಡನೇದು ಸಿಗುತ್ತಾ ನೋಡು” ಅಂತ ಈಗಷ್ಟೇ ಹೇಳಿದ್ರು.