ಹಾರ್ಡ್‌ಟಾಪ್: ಕಂಪನಿಯದೋ, ಹೊರಗಿನದೋ

ಜೀಪಿನಂಥ ಗಾಡಿಗೆ ಹಾರ್ಡ್‌ಟಾಪ್ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಕಾರ್ಖಾನೆಯಲ್ಲೇ ಗಾಡಿಯ ಮೇಲೆ ಕೂತು ಬರುವ ಕಂಪನಿ ಟಾಪ್. ಇನ್ನೊಂದು, ಗಾಡಿ ಮನೆಗೆ ಬಂದ ಮೇಲೆ ಹೊರಗಡೆ ಹೇಳಿ ಮಾಡಿಸುವ ಫೈಬರ್ ಅಥವಾ ತಗಡಿನ ಟಾಪ್. ಇವುಗಳಲ್ಲಿ ಯಾವುದು ಎಂಬುದನ್ನು ಬೆಲೆ, ಬಣ್ಣ, ಅಂದ ನೋಡಿ ತೀರ್ಮಾನಿಸುವವರೇ ಹೆಚ್ಚು. ಆ ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಮೊದಲ ಮುಂಗಾರು ಹೇಳಿಬಿಡುತ್ತದೆ. ವಿಂಡ್‌ಶೀಲ್ಡಿನ ಮೇಲಿನ ಮೂಲೆಯಿಂದ ಇಳಿದ ನೀರು ಚಾಲಕನ ಬಲಮೊಣಕಾಲಿನ ಮೇಲೆ ತೊಟ್ಟಿಕ್ಕತೊಡಗಿದರೆ ಟಾಪಿನ ಬಣ್ಣ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಹೆಂಚಿನ ಮನೆಯಲ್ಲಿ ಹೆಂಚಿನಷ್ಟೇ ಅದರ ಜೋಡಣೆಯೂ ಮುಖ್ಯವಾಗುವಂತೆ, ಹಾರ್ಡ್‌ಟಾಪಿನ ಯೋಗ್ಯತೆಯನ್ನು ಅದು ಗಾಡಿಯನ್ನು ಮುಟ್ಟುವ ಅಂಚಿನಲ್ಲಿ ನೋಡಬೇಕು.

ಭಾರತದಲ್ಲಿ ಈ ಪ್ರಶ್ನೆ ಹುಟ್ಟಿದ್ದೇ ಬಟ್ಟೆಯ ಹುಡ್‌ನಿಂದ. ಮಹೀಂದ್ರ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ ಕಾಲದಿಂದ ಜೀಪೆಂದರೆ ಕ್ಯಾನ್ವಾಸಿನ ಹುಡ್ ಎಂದೇ ರೂಢಿ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದುಡಿದ ಜೀಪುಗಳಿಗೆ ಜೂನ್ ತಿಂಗಳೆಂದರೆ ಸೀಟು ಒದ್ದೆಯಾಗುವ ಕಾಲ. 2010ರಲ್ಲಿ ಬಂದ ಮಹೀಂದ್ರದ ಮೊದಲ ಥಾರ್ ಕೂಡ ಬಟ್ಟೆಯ ಟಾಪಿನದೇ. ಹಾಗಾಗಿ ಅದಕ್ಕೆ ಗಟ್ಟಿ ಛಾವಣಿ ಬೇಕೆಂದವರಿಗೆಲ್ಲ ಹೊರಗಿನ ಗ್ಯಾರೇಜೇ ಗತಿಯಾಯಿತು. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್ ಕಂಪನಿ ಹಾರ್ಡ್‌ಟಾಪನ್ನು ಹೊತ್ತು ತಂದಿತು. 2023ರ ಜನವರಿಯಲ್ಲಿ ಬಂದ ಹಿಂಚಕ್ರ ಚಾಲನೆಯ ಥಾರ್‌ಗೆ ಹಾರ್ಡ್‌ಟಾಪ್ ಬಿಟ್ಟು ಬೇರೆ ಆಯ್ಕೆಯೇ ಇರಲಿಲ್ಲ. ಇವತ್ತು ಈ ಪ್ರಶ್ನೆ ಇಬ್ಬರಿಗೆ ಎದುರಾಗುತ್ತದೆ: ಹಳೆಯ ಥಾರ್ ಅಥವಾ ಜೀಪು ಇಟ್ಟುಕೊಂಡವರಿಗೆ, ಮತ್ತು ಬಟ್ಟೆ ಟಾಪಿನ ಹೊಸ ಥಾರ್ ಕೊಂಡು ಎರಡು ಮಳೆಗಾಲ ಕಳೆದ ಮೇಲೆ ಮನಸ್ಸು ಬದಲಿಸಿದವರಿಗೆ.

ಮೊದಲು ವಸ್ತುವಿನ ವಿಚಾರ. ಹೊರಗಿನ ಫೈಬರ್ ಟಾಪ್ ಸಾಮಾನ್ಯವಾಗಿ ಕೈಕೆಲಸ. ಅಚ್ಚಿಗೆ ಜೆಲ್‌ಕೋಟ್ ಬಳಿದು, ಅದರ ಮೇಲೆ ಗಾಜಿನೆಳೆಯ ಮ್ಯಾಟ್ ಹಾಸಿ, ಪಾಲಿಯೆಸ್ಟರ್ ರೆಸಿನ್ ಹಚ್ಚಿ, ಒಳಗಿನ ಗಾಳಿಗುಳ್ಳೆ ಹೋಗುವಂತೆ ರೋಲರ್ ಎಳೆಯುತ್ತಾರೆ. ಹೀಗೆ ಪದರದ ಮೇಲೆ ಪದರ ಏರುತ್ತದೆ. ಕೆಲಸಗಾರ ಒಳ್ಳೆಯವನಾದರೆ ಇದು ಗಟ್ಟಿಮುಟ್ಟಾದ ವಸ್ತು. ಅವಸರದವನಾದರೆ ಒಂದು ಕಡೆ ಐದು ಮಿಲಿಮೀಟರ್ ದಪ್ಪ, ಇನ್ನೊಂದು ಕಡೆ ಎರಡು. ರೆಸಿನ್ ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಕಿತ್ತ ಟಾಪ್ ನಿಧಾನವಾಗಿ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಗಾಡಿಯ ಮೇಲೆ ಸಮನಾಗಿ ಕೂರುವುದಿಲ್ಲ. ಕಾರ್ಖಾನೆಗಳ ದಾರಿ ಬೇರೆ. ಜೀಪ್ ರ‍್ಯಾಂಗ್ಲರ್‌ನ ಹಾರ್ಡ್‌ಟಾಪಿಗೆ ಬಳಸುವ ಶೀಟ್ ಮೋಲ್ಡಿಂಗ್ ಕಾಂಪೌಂಡಿನಲ್ಲಿ ರೆಸಿನ್ ಮತ್ತು ಗಾಜಿನೆಳೆ ಮೊದಲೇ ಬೆರೆತಿರುತ್ತವೆ. ಆ ಹಾಳೆಯನ್ನು ಬಿಸಿ ಅಚ್ಚಿನೊಳಗಿಟ್ಟು ಒತ್ತುತ್ತಾರೆ. ದಪ್ಪ ಎಲ್ಲೆಡೆ ಒಂದೇ, ಒಂದು ಟಾಪಿಗೂ ಇನ್ನೊಂದಕ್ಕೂ ಅಳತೆಯಲ್ಲಿ ವ್ಯತ್ಯಾಸವಿಲ್ಲ.

ಹಾಗೆಂದು ಕಾರ್ಖಾನೆಯ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಫೋರ್ಡ್ 2021ರಲ್ಲಿ ಅಮೆರಿಕದಲ್ಲಿ ತನ್ನ ಬ್ರಾಂಕೋ ಗಾಡಿಯನ್ನು ಮತ್ತೆ ತಂದಾಗ ಅದರ ಹಾರ್ಡ್‌ಟಾಪುಗಳ ಮೇಲ್ಮೈ ನೀರು ಮತ್ತು ತೇವಕ್ಕೆ ಹಾವಿನ ಚರ್ಮದಂತೆ ಆಗತೊಡಗಿತು. ಆ ವರ್ಷದ ಆಗಸ್ಟ್‌ನಲ್ಲಿ, ಅಲ್ಲಿಯವರೆಗೆ ತಯಾರಾದ ಆ ಬಗೆಯ ಟಾಪುಗಳನ್ನೆಲ್ಲ ಬದಲಿಸಿಕೊಡುವುದಾಗಿ ಕಂಪನಿ ಘೋಷಿಸಬೇಕಾಯಿತು. ಕಂಪನಿ ಟಾಪಿನ ನಿಜವಾದ ಲಾಭ ಇಲ್ಲಿದೆ: ತಪ್ಪಾದರೆ ಹೊಣೆ ಹೊರಲು ಒಬ್ಬರಿದ್ದಾರೆ. ಹೊರಗಿನ ಟಾಪಿನ ಹೊಣೆ ಬಹಳ ಸಲ ಗಾಡಿ ಗ್ಯಾರೇಜಿನ ಗೇಟು ದಾಟುವವರೆಗೆ ಮಾತ್ರ.

ಇನ್ನು ಅಂಚು. ತಗಡಿಗಿಂತ ಫೈಬರ್ ಬಿಸಿಲಿಗೆ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಅಂಚಿನಲ್ಲಿ ರಾತ್ರಿಯ ತಂಪಿಗೂ ಮಧ್ಯಾಹ್ನದ ಕಾವಿಗೂ ನಲವತ್ತು ಡಿಗ್ರಿ ವ್ಯತ್ಯಾಸವಾದರೆ ಟಾಪು ಮತ್ತು ಬಾಡಿಯ ನಡುವೆ ಸುಮಾರು ಒಂದು ಮಿಲಿಮೀಟರ್ ಸರಿದಾಟ ಆಗುತ್ತದೆ. ಇದಕ್ಕೆ ಕಲ್ಲು ಹಾದಿಯಲ್ಲಿ ಗಾಡಿಯ ಮೈ ತಿರುಚಿಕೊಳ್ಳುವುದು ಸೇರಿಕೊಳ್ಳುತ್ತದೆ. ಈ ಸರಿದಾಟವನ್ನು ದಿನವೂ ತಾಳಿಕೊಂಡು ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಗುಣ ಅಂಚಿಗೆ ಕೂರಿಸುವ ಒಳ್ಳೆಯ ರಬ್ಬರ್ ಪಟ್ಟಿಗೆ, ಅಂದರೆ ಬೀಡಿಂಗಿಗೆ ಇದೆ.

ಆದರೆ ಊರೂರಿನ ಗ್ಯಾರೇಜುಗಳಲ್ಲಿ ನಡೆಯುವುದೇನು? ಟಾಪ್ ಸೋರಿದರೆ ಸಿಲಿಕೋನ್. ಮತ್ತೆ ಸೋರಿದರೆ ಮೇಲೆ ಇನ್ನಷ್ಟು ಸಿಲಿಕೋನ್. ಟಾಪಿನ ಅಂಚು ಸಮನಾಗಿಲ್ಲ, ಬೀಡಿಂಗ್ ತೆಳ್ಳಗಿದೆ, ಬೋಲ್ಟಿನ ರಂಧ್ರ ತಪ್ಪಿದೆ: ಎಲ್ಲ ರೋಗಕ್ಕೂ ಅದೊಂದೇ ಟ್ಯೂಬು. ಅಗ್ಗದ ಸಿಲಿಕೋನಿನಿಂದ ವಿನೆಗರ್ ವಾಸನೆ ಬರುವುದಕ್ಕೆ ಕಾರಣ ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ. ಡ್ರಿಲ್ ಮಾಡಿ ಬಣ್ಣ ಹಚ್ಚದೆ ಬಿಟ್ಟ ಬರಿ ತಗಡಿಗೆ ಅದು ತಗುಲಿದರೆ ತುಕ್ಕು ಬೇಗ ಶುರುವಾಗುತ್ತದೆ. ಮುಂದೆ ಪೇಂಟ್ ಮಾಡಿಸಲು ಹೋದರೆ ಸಿಲಿಕೋನ್ ಸೋಕಿದ ಜಾಗದಲ್ಲಿ ಬಣ್ಣ ಹಿಡಿಯದೆ ಗುಳಿಗುಳಿಯಾಗಿ ಬಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಸಿಲಿಕೋನ್ ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಮರೆಮಾಡುತ್ತದೆ. ಮೇಲೆಲ್ಲೋ ನುಗ್ಗಿದ ನೀರು ಹೊರಹೋಗಲು ದಾರಿಯಿಲ್ಲದೆ ಅಂಚಿನ ಒಳಗೊಳಗೇ ಹರಿದು, ಎರಡಡಿ ದೂರದ ಇನ್ನೊಂದು ಮೂಲೆಯಲ್ಲಿ ಇಳಿಯುತ್ತದೆ. ಅಲ್ಲಿಗೂ ಸಿಲಿಕೋನ್. ಕಡೆಗೆ ಬಿಚ್ಚಿ ಹಾಕಲೆಂದು ಮಾಡಿಸಿದ ಟಾಪನ್ನು ಬಿಚ್ಚಬೇಕಾದರೆ ಬ್ಲೇಡು ಹಿಡಿದು ಅರ್ಧ ದಿನ ಕೆರೆಯಬೇಕು. ಹತ್ತಾರು ಸಾವಿರ ರೂಪಾಯಿ ಎಣಿಸಿಕೊಂಡವರು ಗ್ರಾಹಕರಿಗೆ ಮಾಡುವ ಅಪಚಾರವಿದು. ಇದನ್ನು ಕೆಲಸವೆಂದು ಒಪ್ಪಿಕೊಳ್ಳಬಾರದು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಬೀಡಿಂಗ್ ಇಪಿಡಿಎಂ ರಬ್ಬರಿನದಾಗಿರಬೇಕು. ಪಿವಿಸಿ ಬೀಡಿಂಗ್ ನೋಡಲು ಅದರಂತೆಯೇ ಇದ್ದರೂ ಬಿಸಿಲಿಗೆ ಗಡುಸಾಗಿ ಬಿರಿಯುತ್ತದೆ. ಟಾಪ್ ಬಿಗಿದಾಗ ಸ್ಪಂಜಿನ ರಬ್ಬರು ಅದರ ದಪ್ಪದ ಸುಮಾರು ಮೂರನೇ ಒಂದು ಭಾಗ ಒತ್ತಿಕೊಳ್ಳಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ನುಗ್ಗುತ್ತದೆ, ಚಪ್ಪಟೆಯಾಗುವಷ್ಟು ಒತ್ತಿದರೆ ರಬ್ಬರು ಸತ್ತು ಮತ್ತೆ ಏಳುವುದಿಲ್ಲ. ಬೀಡಿಂಗಿನ ಜೋಡು ನೇರ ಭಾಗದಲ್ಲಿ ಬರಬೇಕು, ಮೂಲೆಯಲ್ಲಿ ಬರಬಾರದು. ಬೋಲ್ಟಿನ ಕೆಳಗೆ ಅಗಲ ವಾಷರ್ ಇರಬೇಕು. ಬರಿ ಬೋಲ್ಟನ್ನು ಸ್ಪ್ಯಾನರ್ ಹಾಕಿ ತಿರುಚಿದರೆ ರಂಧ್ರದ ಸುತ್ತ ಜೆಲ್‌ಕೋಟ್ ನಕ್ಷತ್ರದ ಆಕಾರದಲ್ಲಿ ಸೀಳುತ್ತದೆ. ಬಾಡಿಯಲ್ಲಿ ಕೊರೆದ ಪ್ರತಿ ರಂಧ್ರದ ಅಂಚಿಗೂ ಬೋಲ್ಟ್ ಹಾಕುವ ಮೊದಲೇ ಪ್ರೈಮರ್ ಬೀಳಬೇಕು. ಕಂಪನಿ ಟಾಪಿನಲ್ಲಿ ಈ ರಂಧ್ರಗಳನ್ನು ಬಣ್ಣಕ್ಕೆ ಮುಂಚೆಯೇ ಕೊರೆದಿರುತ್ತಾರೆ; ಅದರ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದು ಬಹಳ ಗಟ್ಟಿಯಾದದ್ದು.

ಬೀಡಿಂಗ್ ಸರಿ ಕೂತಿದೆಯೇ ಎಂದು ನೋಡಲು ದಿನಪತ್ರಿಕೆಯ ಒಂದು ಹಾಳೆ ಸಾಕು. ಅದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದನ್ನೇ ಬೀಡಿಂಗಿನ ಮೇಲಿಟ್ಟು ಹಿಂಬಾಗಿಲನ್ನು ಮುಚ್ಚಿ ಎಳೆಯಬೇಕು. ಪಟ್ಟಿ ಬಿಗಿಯಾಗಿ ಜಾರಿದರೆ ಸರಿ. ಸಲೀಸಾಗಿ ಬಂದರೆ ಅಲ್ಲಿ ಸಂದಿದೆ. ಹರಿದರೆ ಒತ್ತು ಹೆಚ್ಚಾಗಿದೆ. ಬಾಗಿಲಿನ ಸುತ್ತ ಒಂದೊಂದು ಗೇಣಿಗೆ ಹೀಗೆ ಮಾಡುತ್ತ ಹೋದರೆ ಅಂಚಿನ ಇಡೀ ನಕ್ಷೆ ಕೈಗೆ ಸಿಗುತ್ತದೆ. ಸಣ್ಣ ವ್ಯತ್ಯಾಸವೂ ಬೆರಳಿಗೆ ತಿಳಿಯುತ್ತದೆ. ಬಾಗಿಲಿಗೆ ಮಾಡಿದಂತೆಯೇ ಟಾಪಿನ ಅಂಚಿಗೂ ಬೋಲ್ಟ್ ಬಿಗಿಯುವಾಗ ಇದನ್ನೇ ಮಾಡಬಹುದು. ಆಮೇಲೆ ನೀರಿನ ಪರೀಕ್ಷೆ. ಪೈಪನ್ನು ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಒಯ್ಯಬೇಕು, ಒಂದೊಂದು ಮಟ್ಟದಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲೆಡೆ ಹರಿದು ಸೋರುವ ಜಾಗ ಯಾವುದೆಂದೇ ತಿಳಿಯದು. ಟಾಪ್ ಮಾಡಿಕೊಡುವವರ ಎದುರಿಗೇ ಇವೆರಡನ್ನೂ ಮಾಡಬೇಕು, ಹಣ ಕೊಡುವ ಮೊದಲೇ ಮಾಡಬೇಕು.

ಅಂಚಿನ ಕೆಲಸ ಮಳೆಗಾಲಕ್ಕೆ ಮುಗಿಯುವುದಿಲ್ಲ. ಡಬ್ಬದಾಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕುಸಿಯುತ್ತದೆ. ಚಕ್ರ ಎಬ್ಬಿಸಿದ ಧೂಳೂ ಸೈಲೆನ್ಸರಿನ ಹೊಗೆಯೂ ಅಲ್ಲೇ ಸುಳಿದಾಡುತ್ತವೆ. ಹಿಂಬಾಗಿಲ ಬೀಡಿಂಗ್ ಸಡಿಲವಿದ್ದು ಮುಂದಿನ ಕಿಟಕಿ ತೆರೆದಿದ್ದರೆ ಅವೆರಡೂ ಒಳಗೆ ನುಗ್ಗುತ್ತವೆ. ಬೇಸಿಗೆಯ ಮಣ್ಣುಹಾದಿಯಲ್ಲಿ ಹಿಂದಿನ ಸೀಟಿನ ಮೇಲೆ ಕೆಂಪು ಪುಡಿ ಕೂತಿದ್ದರೆ, ಮುಂದಿನ ಜೂನ್‌ನಲ್ಲಿ ನೀರು ಯಾವ ಸಂದಿಯಿಂದ ಬರಲಿದೆ ಎಂಬುದನ್ನು ಅದು ಮೊದಲೇ ತೋರಿಸುತ್ತದೆ. ಧೂಳಿನ ಗೆರೆ ಹಿಡಿದು ಹೋದರೆ ಸಂದಿ ಸಿಗುತ್ತದೆ. ಅಲ್ಲಿಯವರೆಗೆ ಕಿಟಕಿ ಮುಚ್ಚಿ, ಹೊರಗಾಳಿ ಒಳಗೆ ಬರುವಂತೆ ಬ್ಲೋವರ್ ಹಾಕಿದರೆ ಒಳಗಿನ ಒತ್ತಡ ತುಸು ಏರಿ ಧೂಳು ಕಡಿಮೆಯಾಗುತ್ತದೆ.

ತೂಕದ ಲೆಕ್ಕ ಸರಳ. 1.2 ಮಿಲಿಮೀಟರ್ ತಗಡು ಚದರ ಮೀಟರಿಗೆ ಒಂಬತ್ತೂವರೆ ಕಿಲೋ ತೂಗುತ್ತದೆ, ನಾಲ್ಕು ಮಿಲಿಮೀಟರ್ ಫೈಬರ್ ಸುಮಾರು ಆರು ಕಿಲೋ. ತಗಡಿನ ಟಾಪಿಗೆ ಒಳಗೆ ಚೌಕಟ್ಟೂ ಬೇಕು. ಈ ಹೆಚ್ಚಿನ ತೂಕವೆಲ್ಲ ಗಾಡಿಯ ನೆತ್ತಿಯ ಮೇಲೆ ಕೂರುವುದರಿಂದ ಓರೆ ಇಳಿಜಾರಿನಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ. ಗಾಡಿ ಮಗುಚಿದಾಗ ಒಳಗಿದ್ದವರನ್ನು ಕಾಯಬೇಕಾದದ್ದು ರೋಲ್ ಕೇಜ್. ಫೈಬರ್ ಟಾಪಿಗೆ ಆ ಬಲವಿಲ್ಲ. ಫೈಬರಿಗೇ ಬೋಲ್ಟ್ ಹಾಕಿ ಕ್ಯಾರಿಯರ್ ಕೂರಿಸಿ ಅದರ ಮೇಲೆ ಸ್ಟೆಪ್ನಿ, ಡೀಸೆಲ್ ಕ್ಯಾನು, ಟೆಂಟು ಹೇರುವುದು ಟಾಪನ್ನು ಕೈಯಾರೆ ಒಡೆದಂತೆ. ಭಾರವನ್ನು ಕೇಜ್ ಅಥವಾ ಬಾಡಿಗೆ ದಾಟಿಸುವ ಕಾಲುಗಳಿಲ್ಲದೆ ಕ್ಯಾರಿಯರ್ ಹಾಕಲೇಬಾರದು.

ಕಾವು ಮತ್ತು ಸದ್ದಿನ ವಿಷಯದಲ್ಲಿ ಕಂಪನಿ ಟಾಪಿಗೂ ಹೊರಗಿನದಕ್ಕೂ ಅಂಥ ವ್ಯತ್ಯಾಸವಿಲ್ಲ. 2020ರ ಥಾರ್‌ನ ಕಂಪನಿ ಹಾರ್ಡ್‌ಟಾಪಿನ ಒಳಗೂ ಹೆಡ್‌ಲೈನರ್ ಇರಲಿಲ್ಲ; ಅನೇಕರು ಹೊರಗಡೆ ಲೈನಿಂಗ್ ಹಾಕಿಸಿಕೊಂಡರು. ಹೇಳಿ ಮಾಡಿಸುವ ಟಾಪಿನಲ್ಲಿ ಇದನ್ನು ಮೊದಲೇ ಸೇರಿಸಿಕೊಳ್ಳಬಹುದೆಂಬುದು ಹೊರಗಿನವರ ಪಾಲಿನ ಅನುಕೂಲ. ಹಿಂದಿನ ವೈಪರ್, ಡಿಫಾಗರ್ ಇದ್ದರೆ ಅವುಗಳಿಗೆ ಕಂಪನಿ ಟಾಪಿನಲ್ಲಿ ಸಿದ್ಧ ಪ್ಲಗ್ ಇರುತ್ತದೆ. ಹೊರಗಿನದರಲ್ಲಿ ವೈರು ಸೀಳಿ ಟೇಪು ಸುತ್ತಿ ಕೆಲಸ ಮುಗಿಸುವುದುಂಟು. ಸರಿಯಾದ ಕನೆಕ್ಟರ್ ಹಾಕಿಸಿಕೊಳ್ಳಬೇಕು.

ಕಡೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಹೊರಗಿನ ಟಾಪಿಗೆ ಮುಂಗಡ ಕೊಡುವ ಮೊದಲು ಆರ್.ಸಿ.ಯ ವಿವರ ಓದಿ, ಆರ್.ಟಿ.ಒ. ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮೆ ಕಂಪನಿಗೂ ತಿಳಿಸಬೇಕು.

ಇಷ್ಟೆಲ್ಲ ತೂಗಿ ನೋಡಿದರೆ ಆಯ್ಕೆ ಸ್ಪಷ್ಟವಾಗುತ್ತದೆ. ಹೊಸ ಗಾಡಿಗೆ ಕಂಪನಿ ಹಾರ್ಡ್‌ಟಾಪ್ ಸಿಗುವುದಾದರೆ ಕೊಳ್ಳುವಾಗಲೇ ಅದನ್ನು ಆರಿಸಬೇಕು. ರಂಧ್ರ, ವೈರು, ಆರ್.ಸಿ., ವಾರಂಟಿ ಎಲ್ಲ ಒಟ್ಟಿಗೆ ಬರುತ್ತವೆ. ಅದು ಸಿಗದ ಹಳೆಯ ಗಾಡಿಗೆ ಕಾಗದಪತ್ರದ ಕೆಲಸ ಮುಗಿಸಿಕೊಂಡು, ತಗಡನ್ನು ಬಿಟ್ಟು ಫೈಬರನ್ನೇ ಮಾಡಿಸಬೇಕು. ಮಾಡುವವರನ್ನು ಆರಿಸುವಾಗ ಅವರು ತೋರಿಸುವ ಫೋಟೋಗಳನ್ನು ಬದಿಗಿಟ್ಟು, ಅವರ ಟಾಪ್ ಹಾಕಿಕೊಂಡು ಒಂದು ಪೂರ್ಣ ಮಲೆನಾಡ ಮಳೆಗಾಲ ದಾಟಿದ ಗಾಡಿಯೊಂದನ್ನು ನೋಡಲು ಕೇಳಬೇಕು. ಅದರ ಅಂಚಿನಲ್ಲಿ ಸಿಲಿಕೋನ್ ಕಂಡರೆ ಬೇರೆಯವರನ್ನು ಹುಡುಕಬೇಕು.