ಒಗರು ವೈನಿನ ಊರು ಬಾರೋಲೊ

ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಟ್ಯೂರಿನ್ ನಗರದ ದಕ್ಷಿಣಕ್ಕೆ, ಲಾಂಗೆ ಎಂಬ ಗುಡ್ಡಸಾಲಿದೆ. ಆ ಗುಡ್ಡಗಳ ನಡುವಿನ ಪುಟ್ಟ ಊರು ಬಾರೋಲೊ. ಸಾವಿರ ಜನರೂ ಇಲ್ಲದ ಈ ಊರಿನಲ್ಲಿರುವುದು ಕೋಟೆಯಂಥ ಒಂದು ಹಳೆಯ ಅರಮನೆ, ಕೆಲವೇ ಬೀದಿಗಳು. ಸುತ್ತಲೂ ಇಳಿಜಾರಿನಲ್ಲಿ ಬಾಚಣಿಗೆಯಿಂದ ಗೆರೆ ಎಳೆದಂತೆ ದ್ರಾಕ್ಷಿ ತೋಟಗಳು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಆಲ್ಪ್ಸ್ ಪರ್ವತದ ಹಿಮ ಕಾಣುತ್ತದೆ. ಊರು ಚಿಕ್ಕದಾದರೂ ಅದರ ಹೆಸರು ಹೊತ್ತ ಕೆಂಪು ವೈನ್ ಜಗತ್ತನ್ನೆಲ್ಲ ಸುತ್ತಿದೆ.

ಇದನ್ನು ತಯಾರಿಸುವುದು ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ. ಇಟಾಲಿಯನ್ ಭಾಷೆಯಲ್ಲಿ ‘ನೆಬ್ಬಿಯ’ ಎಂದರೆ ಮಂಜು. ಅಕ್ಟೋಬರಿನಲ್ಲಿ ಕಣಿವೆಗೆ ಮಂಜು ಇಳಿಯುವ ಹೊತ್ತಿಗೆ ಹಣ್ಣಾಗುವುದರಿಂದ ಈ ಹೆಸರು ಬಂತೆಂದು ಹೇಳುವವರುಂಟು. ಕಾನೂನಿನ ಪ್ರಕಾರ ವೈನ್ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಇಷ್ಟು ಕಾಯುವುದೇಕೆ? ಎಳೆಯ ಬಾರೋಲೊ ವಿಪರೀತ ಒಗರು.

ನಮ್ಮ ಹಿರಿಯರು ಒಗರನ್ನು ಆರು ರಸಗಳಲ್ಲಿ ಒಂದೆಂದು ಎಣಿಸಿದರು. ಆದರೆ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಅನುಭವ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್, ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗಟ್ಟಿಯಾಗಿಸುತ್ತದೆ. ನಾಲಿಗೆಯ ನುಣುಪು ಹೋಗಿ ಬಾಯಿ ಒಣಗಿದಂತಾಗುತ್ತದೆ. ಬಾಳೆಕಾಯಿಯನ್ನೋ ಅಳಲೆಕಾಯಿಯನ್ನೋ ಕಚ್ಚಿದವರಿಗೆ ಇದು ಗೊತ್ತು. ತಂಗಡಿ ತೊಗಟೆಯಿಂದ ಚರ್ಮ ಹದಮಾಡುವುದೂ ಟ್ಯಾನಿನ್ನಿನ ಇದೇ ಗುಣದ ಬಲದಿಂದ.

ಟ್ಯಾನಿನ್ನಿಗೆ ಹಿಡಿಯಲು ಬೇರೆ ಪ್ರೋಟೀನು ಸಿಕ್ಕರೆ ಜೊಲ್ಲಿನದು ಉಳಿಯುತ್ತದೆ. ಕಡು ಚಹಾಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದು ಹೀಗೆಯೇ. ಲಾಂಗೆಯ ಅಡುಗೆಮನೆಗಳು ರಸಾಯನಶಾಸ್ತ್ರ ಓದದೆಯೇ ಇದನ್ನು ಕಂಡುಕೊಂಡವು. ಅಲ್ಲಿನ ಹೆಸರಾಂತ ಖಾದ್ಯ ಬ್ರಸಾಟೊ: ದನದ ಮಾಂಸವನ್ನು ಬಾರೋಲೊದಲ್ಲೇ ನೆನೆಸಿ, ಕ್ಯಾರೆಟ್, ಈರುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ತಾಯಾರಿನ್ ಎಂಬುದು ಶಾವಿಗೆಯಂಥದು. ಹಿಟ್ಟಿಗೆ ನೀರಿನ ಬದಲು ಧಾರಾಳವಾಗಿ ಮೊಟ್ಟೆಯ ಹಳದಿ ಹಾಕಿ ಕಲಸುತ್ತಾರೆ. ಅದರ ಮೇಲೆ ಬೆಣ್ಣೆ, ಶರತ್ಕಾಲವಾದರೆ ಆಲ್ಬಾ ಪಟ್ಟಣದ ಬಿಳಿ ಟ್ರಫಲ್ ಅಣಬೆಯ ತೆಳು ಹೆರೆ. ಮರದ ಬೇರಿನ ಬಳಿ ನೆಲದೊಳಗೆ ಬೆಳೆಯುವ ಈ ಅಣಬೆಯನ್ನು ನಾಯಿಗಳು ಮೂಸಿ ಹುಡುಕುತ್ತವೆ. ಕೊನೆಗೆ ಹತ್ತಿರದ ಬೆಟ್ಟಗಳ ಕಾಸ್ಟೆಲ್‌ಮಾನ್ಯೊ ಚೀಸ್. ಖಾರಕ್ಕೂ ಈ ವೈನಿಗೂ ಮಾತ್ರ ಆಗಿಬರದು. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನಷ್ಟು ಕೆರಳಿಸುತ್ತದೆ. ಬಾರೋಲೊವನ್ನು ಊಟವಿಲ್ಲದೆ ಬರಿದೇ ಹೀರುವುದು ಶೋಕಿಯೇ ಹೊರತು ರುಚಿಯಲ್ಲ.

ಈ ಸಮೃದ್ಧಿ ಗುಡ್ಡದ ಜನರಿಗೆ ಸುಲಭವಾಗಿ ದಕ್ಕಿದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಬಡತನ ತಾಳಲಾರದೆ ಯುವಕರು ಟ್ಯೂರಿನ್ನಿನ ಕಾರ್ಖಾನೆಗಳಿಗೆ ಗುಳೆ ಹೋದರು. 1986ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬಾರೋಲೊಗೆ ಸಮೀಪದ ನಾರ್ಜೋಲೆಯ ಒಬ್ಬ ವ್ಯಾಪಾರಿ ಅಗ್ಗದ ವೈನಿನ ಮದ್ಯಸಾರ ಹೆಚ್ಚಿಸಲು ಮಿಥನಾಲ್ ಬೆರೆಸಿದ್ದ. ಮಿಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೆಡಿಸುತ್ತದೆ. ಇಟಲಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಹಲವರು ಕುರುಡರಾದರು. ತಪ್ಪು ಮಾಡದ ರೈತರ ವೈನನ್ನೂ ಕೊಳ್ಳುಗರು ಅನುಮಾನದಿಂದ ನೋಡಿದರು, ದೇಶದ ವೈನ್ ರಫ್ತು ಕುಸಿಯಿತು.

ಹೋದ ನಂಬಿಕೆ ಮರಳಲು ವರ್ಷಗಳೇ ಹಿಡಿದವು. 2014ರಲ್ಲಿ ಯುನೆಸ್ಕೊ ಈ ದ್ರಾಕ್ಷಿ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾರೋಲೊದ ಹಳೆಯ ಅರಮನೆಯಲ್ಲಿ ಈಗ ವೈನ್ ಸಂಗ್ರಹಾಲಯವಿದೆ. ಅಂಗಡಿಗೆ ಬರುವ ಪ್ರತಿ ಸೀಸೆಯ ಕೊರಳಿಗೂ ಕ್ರಮಸಂಖ್ಯೆಯುಳ್ಳ ಸರ್ಕಾರಿ ಪಟ್ಟಿ ಅಂಟಿರುತ್ತದೆ.