ಶನಿವಾರದ ಬಸ್ಸು, ಭಾನುವಾರದ ಕ್ಲಾಸು

"ನೀನು ಈಗ ಎಂತ ಓದ್ತಾ ಇರುವುದು?" ಅಂತ ಬಸ್ಸಿನಲ್ಲಿ ಸಿಕ್ಕಿದ ಹೈಸ್ಕೂಲ್ ಟೀಚರ್ ಕೇಳಿದರು.

"ಇವೆಂಟ್ ಮ್ಯಾನೇಜ್‌ಮೆಂಟ್ ಟೀಚರ್. ಶನಿವಾರ, ಭಾನುವಾರ ಮಾತ್ರ ಕ್ಲಾಸು."

"ಅಂದ್ರೆ ಮದುವೆ ಮಾಡಿಸುವುದಾ?"

"ಹ್ಞಾಂ, ಅದೂ ಉಂಟು."

"ಮತ್ತೆ ನಿನ್ನ ಮದುವೆ ಯಾವಾಗ ಮಾರಾಯ್ತಿ?"

ಅಷ್ಟರಲ್ಲಿ ಕಲ್ಲಡ್ಕ ಬಂತು, ಟೀಚರ್ ಇಳಿದರು, ನಾನು ಬಚಾವಾದೆ.

ಟೀಚರಿಗೆ ನಗುವ ಹಾಗಿಲ್ಲ. ಸೇರುವಾಗ ಈ ಕೋರ್ಸಿನ ಬಗ್ಗೆ ನನಗಿದ್ದ ಕಲ್ಪನೆಯೂ ಅಷ್ಟೇ. ಹೂವಿನ ಅಲಂಕಾರ, ಲೈಟಿಂಗ್, ವಾಕಿಟಾಕಿ ಹಿಡಿದು ಓಡಾಡುವ ಕಪ್ಪು ಟೀ ಶರ್ಟಿನವರು. ಅದಕ್ಕೂ ಮೀರಿದ್ದೇನೋ ಇದೆ ಅಂತ ತಿಳಿಯಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು. ಅದರ ಕಥೆ ಇದು.

ಪತ್ರಿಕೋದ್ಯಮ ಮುಗಿಸಿ ಊರಲ್ಲೇ ಉಳಿದವರ ಪಾಡು ನಿಮಗೆಲ್ಲ ಗೊತ್ತೇ ಇದೆ. ನಾನು ಪುತ್ತೂರಿನ ಆಚೆ ಒಂದು ಹಳ್ಳಿಯಲ್ಲಿದ್ದುಕೊಂಡು ಬಿಡಿ ಸುದ್ದಿ ಬರೆಯುವವಳು. ತಿಂಗಳ ಕೊನೆಗೆ ಬರುವ ಹಣದಲ್ಲಿ ಸ್ಕೂಟಿಯ ಪೆಟ್ರೋಲು ಕಳೆದರೆ ಉಳಿಯುವುದೆಷ್ಟು ಅಂತ ಇಲ್ಲಿ ಬರೆಯಲಾರೆ, ಅಮ್ಮ ಇದನ್ನು ಓದುತ್ತಾಳೆ. ಅದರ ಜೊತೆಗೆ ಕಾರ್ಯಕ್ರಮ ನಿರೂಪಣೆ. ವಾರ್ಷಿಕೋತ್ಸವ, ಬ್ರಹ್ಮಕಲಶದ ಸಭೆ, ಕೆಸರುಗದ್ದೆ ಕ್ರೀಡಾಕೂಟ, ಎಲ್ಲಿ ಕರೆದರೂ ಹೋಗುತ್ತೇನೆ. ಕೆಲವು ಕಡೆ 500 ರೂಪಾಯಿ, ಕೆಲವು ಕಡೆ ಶಾಲು ಮಾತ್ರ. ನಮ್ಮ ಮನೆಯ ಕಪಾಟಿನಲ್ಲಿ ಈಗ 14 ಶಾಲು ಇವೆ. ಶಾಲಿನಿಂದ ಗ್ಯಾಸ್ ಸಿಲಿಂಡರ್ ಬರುವುದಿಲ್ಲವಲ್ಲ. ಹೇಗೂ ಕಾರ್ಯಕ್ರಮಗಳಲ್ಲೇ ಬಿದ್ದುಕೊಂಡಿದ್ದೇನೆ, ಅದನ್ನೇ ಕಲಿತು ನಾಲ್ಕು ಕಾಸು ಮಾಡೋಣ ಅಂತ ಮಂಗಳೂರಿನ ಒಂದು ಕಮ್ಯುನಿಟಿ ಕಾಲೇಜಿಗೆ ಅರ್ಜಿ ಹಾಕಿದೆ.

ಕಮ್ಯುನಿಟಿ ಕಾಲೇಜು ಅಂದರೆ ಏನು ಅಂತ ಹಲವರು ಕೇಳಿದ್ದಾರೆ. ಕೆಲವರು ಯಾವುದೋ ಜಾತಿಯವರ ಕಾಲೇಜು ಅಂದುಕೊಂಡರು! ಇದು ಅಮೆರಿಕದಿಂದ ಬಂದ ಕಲ್ಪನೆ. ಅಲ್ಲಿನ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಶುರುವಾದ ಕಾಲೇಜು ಇವುಗಳಲ್ಲಿ ಹಳೆಯದು. ನಮ್ಮ ದೇಶಕ್ಕೆ ಬಂದದ್ದು 1995ರಲ್ಲಿ, ಪುದುಚೇರಿಯಲ್ಲಿ. 2013ರ ಹೊತ್ತಿಗೆ ಯುಜಿಸಿಯೂ ಇದಕ್ಕೊಂದು ಯೋಜನೆ ಮಾಡಿತು. ಓದು ಅರ್ಧಕ್ಕೆ ಬಿಟ್ಟವರು, ಕೆಲಸದಲ್ಲಿರುವವರು, ವಯಸ್ಸಾದವರು ಬಂದು ಒಂದು ಕಸುಬು ಕಲಿತು ಹೋಗಲಿ ಅನ್ನುವುದು ಉದ್ದೇಶ. ನನ್ನ ಕ್ಲಾಸು ಕೂಡ ಹಾಗೆಯೇ ಇದೆ. ಅಡುಗೆ ಕಂಟ್ರಾಕ್ಟರ್ ಒಬ್ಬರ ಮಗ, ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ, ಡಿಜೆ ಹುಡುಗ ಒಬ್ಬ, ಬ್ಯಾಂಕಿನಿಂದ ನಿವೃತ್ತರಾಗಿ ದೇವಸ್ಥಾನದ ಸಮಿತಿಯಲ್ಲಿರುವ ಹಿರಿಯರೊಬ್ಬರು. ಹಾಜರಿ ಕರೆಯುವಾಗ ಆ ಹಿರಿಯರು ಎದ್ದು ನಿಂತು "ಪ್ರೆಸೆಂಟ್ ಸರ್" ಅನ್ನುತ್ತಾರೆ. ಸರ್ ಅವರಿಗಿಂತ ಚಿಕ್ಕವರು.

ಮೊದಲ ದಿನ ಸರ್ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. "ನೀವು ಕೊನೆಯದಾಗಿ ಹೋದ ಕಾರ್ಯಕ್ರಮದಲ್ಲಿ ಹೊರಗೆ ಹೋಗಲು ಎಷ್ಟು ದಾರಿ ಇತ್ತು?" ಅಂತ ಒಬ್ಬೊಬ್ಬರನ್ನೇ ಕೇಳಿದರು.

ನಾನು ಆ ವಾರ ಮೂರು ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆಯಲ್ಲಿ ಯಾರ ಪಕ್ಕ ಯಾರು ಕೂತಿದ್ದರು, ಯಾರು ದೀಪ ಬೆಳಗಿದರು, ಯಾರು ಧನ್ಯವಾದ ಹೇಳಿದರು, ಒಂದು ಇನಿಶಿಯಲ್ ತಪ್ಪದ ಹಾಗೆ ಹೇಳಬಲ್ಲೆ. ಆದರೆ ದಾರಿ? ನೆನಪಿಗೇ ಬರಲಿಲ್ಲ. ವರದಿಗಾರರ ಕುರ್ಚಿ ಯಾವತ್ತೂ ವೇದಿಕೆಗೆ ಮುಖ ಮಾಡಿಯೇ ಇರುತ್ತದೆ ನೋಡಿ. ಹಿಂದೆ ತಿರುಗುವುದು ಫೋಟೋಗೆ ಮಾತ್ರ, ಅದೂ "ಸಭೆಯಲ್ಲಿ ನೆರೆದ ಜನಸ್ತೋಮ" ಅಂತ ಕ್ಯಾಪ್ಶನ್ ಬರೆಯಲು.

ಎರಡನೇ ಪ್ರಶ್ನೆ, "ಹೆಂಗಸರ ಟಾಯ್ಲೆಟ್ ಎಲ್ಲಿತ್ತು?" ಇದಕ್ಕೆ ಮಾತ್ರ ನಾನೂ ಪಾರ್ಲರ್ ಅಕ್ಕನೂ ಒಟ್ಟಿಗೆ ಉತ್ತರ ಕೊಟ್ಟೆವು: "ಇರಲಿಲ್ಲ ಸರ್." ನಿರೂಪಣೆಗೆ ಹೋಗುವ ದಿನ ಮಧ್ಯಾಹ್ನದ ಮೇಲೆ ನೀರು ಕುಡಿಯದೆ ಇರುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದೊಂದು ದೂರು ಅಂತಲೇ ಅನಿಸಿರಲಿಲ್ಲ. ಅದು ಸಂಘಟಕರ ಪಟ್ಟಿಯಲ್ಲಿ ಶಾಮಿಯಾನಕ್ಕಿಂತ ಮೊದಲು ಬರಬೇಕಾದ ಸಾಲು ಅಂತ ಆವತ್ತು ಗೊತ್ತಾಯಿತು.

ಆಮೇಲೆ ಪಾಠ ಒಂದೊಂದಾಗಿ ಬಂತು. ಬಜೆಟ್ ಮಾಡುವಾಗ ಎಣಿಸದ ಖರ್ಚಿಗೆ ಅಂತ ನೂರಕ್ಕೆ ಹತ್ತು ಬದಿಗಿಡುವುದು. ಮೆಸ್ಕಾಂನ ತಾತ್ಕಾಲಿಕ ಸಂಪರ್ಕ, ಪೊಲೀಸರ ಅನುಮತಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ನಮ್ಮ ಕಡೆ ಕಾಲಮಿತಿ ಯಕ್ಷಗಾನ ಹೆಚ್ಚಾದಾಗ ಈ ನಿಯಮದ ಬಗ್ಗೆ ಎಷ್ಟು ಸುದ್ದಿ ಬರೆದಿದ್ದೆ! ನಿಯಮವನ್ನು ಪೂರ್ತಿ ಓದಿದ್ದು ಮಾತ್ರ ಈ ಕ್ಲಾಸಿನಲ್ಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಜನ ಎಣಿಸುವ ಪಾಠ. ಅದು ಕಲಿಸಿದ್ದು ಒಬ್ಬ ಪತ್ರಿಕೋದ್ಯಮದ ಮೇಷ್ಟ್ರು ಅಂದರೆ ನಂಬುತ್ತೀರಾ? ಹರ್ಬರ್ಟ್ ಜೇಕಬ್ಸ್ ಅಂತ ಹೆಸರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ವಿಯೆಟ್ನಾಂ ಯುದ್ಧ ವಿರೋಧಿಸಿ ವಿದ್ಯಾರ್ಥಿಗಳು ಸೇರುತ್ತಿದ್ದ ಅಂಗಳ ಅವರ ಕಿಟಕಿಯಿಂದ ಕಾಣುತ್ತಿತ್ತು. ನೆಲವನ್ನು ಚೌಕಗಳಾಗಿ ಭಾಗ ಮಾಡಿ, ಕೆಲವು ಚೌಕದ ತಲೆ ಎಣಿಸಿ, ಒಟ್ಟು ಚೌಕಗಳಿಂದ ಗುಣಿಸಿದರು. ಒಬ್ಬರಿಗೊಬ್ಬರು ಕೈ ಅಳತೆ ದೂರ ನಿಂತಿದ್ದರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತಿದ್ದರೆ ನಾಲ್ಕೂವರೆ, ತೀರಾ ಕಿಕ್ಕಿರಿದಿದ್ದರೆ ಎರಡೂವರೆ. ಇಷ್ಟೇ ಲೆಕ್ಕ. ನಾವು ಮಾಡುವುದೇನು? ಸಂಘಟಕರನ್ನು ಕೇಳುತ್ತೇವೆ, "ಎಷ್ಟು ಜನ ಆಗಬಹುದು ಸರ್?" ಅವರು "ಹತ್ತು ಸಾವಿರ ಹಾಕಿ" ಅನ್ನುತ್ತಾರೆ, ಹಾಕುತ್ತೇವೆ.

ಅದೇ ಕ್ಲಾಸಿನಲ್ಲಿ ಸರ್ 2025ರ ಜೂನ್ 4ರ ಮಾತು ಎತ್ತಿದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ 11 ಜನ ಸತ್ತರು. ಇಂಥ ಕಡೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿ ಉಸಿರಾಡಲಾಗದೆ, ನಿಂತಲ್ಲೇ ಅಂದರು ಸರ್. ಒಂದು ಚದರ ಮೀಟರಿನಲ್ಲಿ ಐದಾರು ಜನ ಸೇರಿದರೆ ಆಮೇಲೆ ಯಾರೂ ತಮ್ಮಿಷ್ಟಕ್ಕೆ ನಡೆಯುವುದಿಲ್ಲ, ಗುಂಪು ನೀರಿನ ಹಾಗೆ ಹರಿಯುತ್ತದೆ.

ನನಗೆ ಕೂರಲಾಗಲಿಲ್ಲ. ಆ ದಿನ ಮಧ್ಯಾಹ್ನ ಯಾರೋ ಕಳಿಸಿದ ವಿಡಿಯೋ ಒಂದನ್ನು ನಾನು ಮೂರು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಮೇಲೆ ಬರೆದದ್ದು ಒಂದೇ ಶಬ್ದ, "ಜನಸಾಗರ!" ಜೊತೆಗೆ ಕೆಂಪು ಹೃದಯ. ಸಂಜೆ ಸುದ್ದಿ ಬಂದ ಮೇಲೆ ಅಳಿಸಿದೆ. ಅಳಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಸಾಗರ ಅನ್ನುವಾಗ ಅದರಲ್ಲಿ ಮುಳುಗುವವರೂ ಇರುತ್ತಾರೆ ಅಂತ ಪದ ಬರೆಯುವ ನಮಗೆ ಹೊಳೆಯಲಿಲ್ಲವಲ್ಲ.

ಸೆಮಿಸ್ಟರಿನ ಕೊನೆಗೆ ಒಂದು ನಿಜವಾದ ಕಾರ್ಯಕ್ರಮದ ಯೋಜನೆ ಮಾಡಿ ತರಬೇಕಿತ್ತು. ಪಕ್ಕದ ಊರಿನ ಶಾಲೆಯ ಸುವರ್ಣ ಮಹೋತ್ಸವಕ್ಕೆ ನಿರೂಪಣೆಗೆ ಕರೆದಿದ್ದರು, ಅದನ್ನೇ ಹಿಡಿದೆ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಟೇಪು ಹಿಡಿದು ಮೈದಾನ ಅಳೆದೆ. ಚಪ್ಪರ ಹಾಕುವ ಜಾಗ 40 ಮೀಟರ್ ಉದ್ದ, 25 ಮೀಟರ್ ಅಗಲ. ಸೋಫಾ ಸಾಲು, ನಡುವಿನ ದಾರಿ ಕಳೆದರೆ 1,200 ಕುರ್ಚಿ. ಹಿಂದೆ ನಿಲ್ಲುವವರು 600. ಒಟ್ಟು 1,800. ಸಮಿತಿಯವರ ಬಾಯಲ್ಲಿದ್ದದ್ದು 5,000.

ಮುಂದಿನ ಗೇಟಿಗೆ ಸ್ವಾಗತ ಕಮಾನು ಹಾಕಿದರೆ ಉಳಿಯುವುದು ಆರು ಅಡಿ. ಅದರ ಎರಡು ಬದಿಗೆ ಐಸ್ ಕ್ರೀಮು, ಚುರುಮುರಿ ಗಾಡಿ. ಹಿಂದೆ ಬಿಸಿಯೂಟದ ಅಡುಗೆ ಕೋಣೆಯ ಪಕ್ಕ ಇನ್ನೊಂದು ಗೇಟು ಉಂಟು, ರಬ್ಬರು ತೋಟದ ದಾರಿಗೆ. ಅದಕ್ಕೆ ಬೀಗ, ಎದುರು ಗಣ್ಯರ ಕಾರು ನಿಲ್ಲಿಸುವ ಜಾಗ. ನಾನು ಸಮಿತಿಯ ಸಭೆಗೆ ಹೋಗಿ ಆ ಗೇಟು ತೆರೆದಿರಬೇಕು, ಕಾರು ರಸ್ತೆಯಾಚೆ ನಿಲ್ಲಲಿ ಅಂದೆ.

"ಐವತ್ತು ವರ್ಷದಲ್ಲಿ ಎಂತದ್ದೂ ಆಗ್ಲಿಲ್ಲ. ನೀನು ನಾಲ್ಕು ಶನಿವಾರ ಮಂಗಳೂರಿಗೆ ಹೋಗಿ ಬಂದು ನಮಗೆ ಹೇಳಿಕೊಡುವುದಾ?" ಅಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇದ್ದರೆ 500 ರೂಪಾಯಿಯೂ ಹೋಗುತ್ತಿತ್ತು. ಕೊನೆಗೆ ಹೆಡ್‌ಮಾಸ್ಟರು ಹಿಂದಿನ ಗೇಟಿನ ಕೀ ತೆಗೆದು ಹಳೆ ವಿದ್ಯಾರ್ಥಿಯೊಬ್ಬನ ಕೈಗೆ ಕೊಟ್ಟರು. ನಾಲ್ಕು ಹುಡುಗರು, ನಾಲ್ಕು ಟಾರ್ಚು, ಕಬಡ್ಡಿ ಪಂದ್ಯಾಟಕ್ಕೆ ಬಳಸುವ ಒಂದು ಬ್ಯಾಟರಿ ಮೈಕು. ನನ್ನ ಯೋಜನೆಯಲ್ಲಿ ಪಾಸಾದದ್ದು ಇಷ್ಟೇ.

ಆ ರಾತ್ರಿ ಒಂಬತ್ತು ಕಾಲಕ್ಕೆ, ಮಕ್ಕಳ ನೃತ್ಯದ ನಡುವೆ, ಕಾಲವಲ್ಲದ ಕಾಲದ ಮಳೆ ಹೊಯ್ಯಿತು. ಚಪ್ಪರದ ಶೀಟಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಹೊರಗಿದ್ದವರು ಒಳಗೆ ನುಗ್ಗಿದರು, ಒಳಗಿದ್ದವರು ಮಕ್ಕಳನ್ನು ಹುಡುಕುತ್ತಾ ಎದ್ದರು. ಕರೆಂಟು ಹೋಯಿತು. ನನ್ನ ಕೈಯಲ್ಲಿದ್ದ ಮೈಕು ಸತ್ತಿತು. ಕತ್ತಲಲ್ಲಿ ಒಂದು ಕ್ಷಣ ಕೇಳಿದ್ದು ಕುರ್ಚಿಗಳು ಮಗುಚುವ ಸದ್ದು ಮತ್ತು ಹೆಸರು ಹಿಡಿದು ಕರೆಯುವ ಅಮ್ಮಂದಿರ ಸ್ವರ. ಎಲ್ಲರೂ ಸರಿಯುತ್ತಿದ್ದದ್ದು ತಾವು ಒಳಗೆ ಬಂದ ದಾರಿಗೇ, ಆ ಆರು ಅಡಿಗೆ.

ಬ್ಯಾಟರಿ ಮೈಕಿನಲ್ಲಿ ಏನು ಹೇಳಿದೆ ಅಂತ ಪೂರ್ತಿ ನೆನಪಿಲ್ಲ. ಮಕ್ಕಳೆಲ್ಲ ವೇದಿಕೆಯಲ್ಲೇ ಇದ್ದಾರೆ, ಮುಂದಿನವರು ಕೂತುಕೊಳ್ಳಿ, ಹಿಂದಿನವರು ಟಾರ್ಚು ಕಾಣುವ ಕಡೆಗೆ ಹೋಗಿ ಅಂತ ಅದನ್ನೇ ಹತ್ತು ಸಲ ಹೇಳಿರಬೇಕು. ಅಡುಗೆ ಕೋಣೆಯ ಹತ್ತಿರ ಟಾರ್ಚು ಆಡಿದವು, ಜನ ಆ ಕಡೆ ತಿರುಗಿದರು. ಅಲ್ಲಿಯೂ ಒಂದು ಕಾರು ಅಡ್ಡ ಇತ್ತು, ಡ್ರೈವರ್ ಊಟಕ್ಕೆ ಹೋಗಿದ್ದ. ಅರ್ಧ ಗೇಟಿನಲ್ಲೇ ಒಬ್ಬೊಬ್ಬರಾಗಿ ಹೋದರು. ಹತ್ತು ನಿಮಿಷದಲ್ಲಿ ಮಳೆ ನಿಂತಿತು, ಕರೆಂಟು ಬಂತು. ಒಬ್ಬ ಅಜ್ಜಿಯ ಚಪ್ಪಲಿ ಕಳೆದಿತ್ತು. ಅಷ್ಟೇ. ಏನೂ ಆಗಲಿಲ್ಲ.

ಆ ಗೇಟು ಮುಚ್ಚಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಅದನ್ನು ನಾನು ಎಂದೂ ತಿಳಿಯಲಾರೆ. ಈ ಕಸುಬಿನ ಕಷ್ಟ ಇದೇ. ಸರಿಯಾಗಿ ಮಾಡಿದರೆ ತೋರಿಸಲು ಏನೂ ಉಳಿಯುವುದಿಲ್ಲ. "ಮಳೆ ಬಂದರೂ ಕಾರ್ಯಕ್ರಮ ಚಂದ ಆಯಿತು, ದೇವರು ದೊಡ್ಡವನು" ಅಂತ ಧನ್ಯವಾದದಲ್ಲಿ ಬಂತು. ಟಾರ್ಚು ಹಿಡಿದ ಹುಡುಗರ ಹೆಸರು ಬರಲಿಲ್ಲ.

ಮಳೆಗೆ ಮೊದಲು ವೇದಿಕೆಯಿಂದಲೇ ಚೌಕ ಹಾಕಿ ಎಣಿಸಿದ್ದೆ, ಸುಮಾರು 1,700. ವರದಿಯಲ್ಲಿ ಅದನ್ನೇ ಬರೆದೆ, ಎರಡನೇ ಗೇಟಿನ ಬಗ್ಗೆ ಎರಡು ಪ್ಯಾರಾ ಸೇರಿಸಿದೆ. ಡೆಸ್ಕಿನಿಂದ ಫೋನು ಬಂತು. "ಏನೂ ಆಗಿಲ್ಲವಲ್ಲ, ಇದರಲ್ಲಿ ಸುದ್ದಿ ಎಲ್ಲಿ?" ಅವರದ್ದು ತಪ್ಪು ಅನ್ನಲಾರೆ, ನಾವೆಲ್ಲ ಒಟ್ಟಿಗೆ ಕಲಿತದ್ದೂ ಅದನ್ನೇ. ಮರುದಿನ ಅಚ್ಚಾದದ್ದು "ಸಾವಿರಾರು ಜನರ ಉಪಸ್ಥಿತಿ." 5,000 ಯಾಕೆ ಹಾಕಲಿಲ್ಲ ಅಂತ ಸಮಿತಿಯವರಿಗೆ ಬೇಜಾರು. ಮುಂದಿನ ತಿಂಗಳ ಅವರ ಕಾರ್ಯಕ್ರಮಕ್ಕೆ ಬೇರೆ ನಿರೂಪಕಿಯನ್ನು ಕರೆದರು.

ಸರ್ ನನಗೆ ಕೊಟ್ಟದ್ದು 50ಕ್ಕೆ 38. ಯಾಕೆ ಸರ್ ಅಂದೆ. "ಗೇಟಿನ ಕೀ ಯಾರ ಹತ್ತಿರ ಅಂತ ಬರೆದಿದ್ದೀರಿ. ಕಾರಿನ ಕೀ ಯಾರ ಹತ್ತಿರ ಅಂತ ಬರೆದಿಲ್ಲ." ನಿಜವೇ.

ಎರಡನೇ ಕಂತಿನ ಫೀಸು ಕಟ್ಟಿದ್ದೇನೆ. ಇವೆಂಟ್ ಕಂಪನಿ ಮಾಡುತ್ತೇನಾ ಅಂತ ಕೇಳಿದರೆ ಉತ್ತರ ಇಲ್ಲ. ಸದ್ಯಕ್ಕೆ ಎರಡು ಮದುವೆಯ ಕೆಲಸ ಸಿಕ್ಕಿದೆ, ಎರಡೂ ಸಂಬಂಧಿಕರದ್ದು, ಅಡ್ವಾನ್ಸ್ ಕೇಳಲು ನಾಚಿಕೆ. ವರದಿ ಬರೆಯುವುದನ್ನಂತೂ ಬಿಟ್ಟಿಲ್ಲ. ಸಭೆಗೆ ಹೋದರೆ ಕೂರುವ ಮೊದಲು ಒಂದು ಸುತ್ತು ಹಾಕುತ್ತೇನೆ. ಗೇಟು ಎಷ್ಟು, ಯಾವುದಕ್ಕೆ ಬೀಗ, ಕೀ ಯಾರ ಹತ್ತಿರ. ಎರಡು ನಿಮಿಷದ ಕೆಲಸ. ನೀವೂ ಮಾಡಿ ನೋಡಿ. ಬೀಗ ಹಾಕಿದ್ದರೆ ಕಾರ್ಯಕ್ರಮ ಶುರುವಾಗುವ ಮೊದಲೇ ಸಂಘಟಕರನ್ನು ಕೇಳಿ. ಪತ್ರಕರ್ತರು ಕೇಳಿದರು ಅಂತಾದರೂ ಕೆಲವರು ಬೀಗ ತೆಗೆಯುತ್ತಾರೆ.

ಮತ್ತೆ ಜನ ಎಷ್ಟು ಅಂತ ಅವರನ್ನು ಕೇಳಬೇಡಿ. ಎದ್ದು ನಿಂತು, ಹಿಂದೆ ತಿರುಗಿ, ನೀವೇ ಎಣಿಸಿ.